ಅರ್ಜಿಯಲ್ಲಿ ಬರೆಯದ ಬಾಡೂಟ

ನಿವೃತ್ತಿಯಾದ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ. ಮೇಡಂ, ಒಂದು ಪ್ರಪೋಸಲ್ ಮಾಡಿಕೊಡಬೇಕಿತ್ತು. ಮದ್ದೂರಿನಲ್ಲಿ ಕೂಲಿಯವರ ಮಕ್ಕಳಿಗೆ ಸಂಜೆ ಪಾಠ ಹೇಳುವವರು, ಮಂಡ್ಯದಲ್ಲಿ ವಯಸ್ಸಾದವರು ಹಗಲು ಹೊತ್ತು ಬಂದು ಕೂರಲೆಂದು ಒಂದು ಹಾಲ್ ನಡೆಸುವವರು, ಮಳವಳ್ಳಿ ಕಡೆಯ ಎರಡು ಮೂರು ಸಣ್ಣ ಸಂಸ್ಥೆಗಳು. ಅನುದಾನ ಕೇಳಿ ಅರ್ಜಿ ಬರೆಯುವುದಕ್ಕೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಇವರಲ್ಲಿ ಯಾರಿಗೂ ಇಲ್ಲ. ನಾನು ಮಂಡ್ಯದ ಗುತ್ತಲಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಎಐ ಜೊತೆ ಜಗಳವಾಡಿಕೊಂಡು, ಅವರಿಗೆ ಅರ್ಜಿ ಮಾಡಿಕೊಡುತ್ತೇನೆ.

ಜಗಳ ಎಂದು ಸುಮ್ಮನೆ ಹೇಳಲಿಲ್ಲ. ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಪತ್ರ ಬರೆದವಳು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡಿದರೆ ಕಣ್ಣು ಮುಚ್ಚಿಕೊಂಡು ಎರಡು ಪುಟ ಬರೆದು ಮುಗಿಸುತ್ತಿದ್ದೆ. ಸಾಹೇಬರುಗಳು ನನ್ನ ಕರಡನ್ನು ಓದದೆಯೇ ಸಹಿ ಹಾಕುತ್ತಿದ್ದರು; ಅದನ್ನು ನಾನು ದೊಡ್ಡ ಗೌರವ ಎಂದುಕೊಂಡಿದ್ದೆ. ಅಂಥವಳಿಗೆ ಒಂದು ಯಂತ್ರ ಬಂದು, ಈ ವಾಕ್ಯ ಉದ್ದವಾಯಿತು, ಇದರ ಅರ್ಥ ಸ್ಪಷ್ಟವಾಗಿಲ್ಲ ಎಂದರೆ ಹೇಗಾಗಬೇಡ. ಆದರೂ ಅದಕ್ಕೆ ನಾನು ಋಣಿ. ಯಾಕೆ ಎಂದು ಹೇಳಬೇಕಾದರೆ ಮಳವಳ್ಳಿಯ ಹುಳದ ಮನೆಯ ಸಂಗತಿ ಹೇಳಬೇಕು.

ಹುಳದ ಮನೆ ಎಂದರೆ ರೇಷ್ಮೆ ಹುಳ ಸಾಕುತ್ತಿದ್ದ ಉದ್ದನೆಯ ಶೆಡ್ಡು. ಹುಳ ಸಾಕುವುದನ್ನು ಬಿಟ್ಟ ಒಂದು ಮನೆಯವರು ಅದನ್ನು ಅಕ್ಕನಿಗೆ ಬಿಟ್ಟುಕೊಟ್ಟಿದ್ದರು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಅಂಗನವಾಡಿ ಟೀಚರ್ ಆಗಿದ್ದು ನಿವೃತ್ತರಾದವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಕೆಲಸದಲ್ಲಿದ್ದಾಗ ಅಂಗನವಾಡಿಗೆ ಬರಲಾಗದ ಮಕ್ಕಳ ಹೆಸರುಗಳು ಅವರ ತಲೆಯಲ್ಲಿ ಉಳಿದುಬಿಟ್ಟಿದ್ದವಂತೆ. ಹುಟ್ಟಿನಿಂದ ಕಾಲು ಬಿಗಿದುಕೊಂಡ ಮಕ್ಕಳು, ಕತ್ತು ನಿಲ್ಲದ ಮಕ್ಕಳು. ನಿವೃತ್ತಿಯಾದ ಮೇಲೆ ಆ ಮಕ್ಕಳನ್ನೆಲ್ಲ ಹುಡುಕಿ ತಂದು ಆ ಶೆಡ್ಡಿನಲ್ಲಿ ಚಾಪೆ ಹಾಸಿ ಕೂರಿಸಿದರು. ಎರಡು ಕಬ್ಬಿಣದ ಪೈಪನ್ನು ಆಚೆ ಈಚೆ ಅಡ್ಡಲಾಗಿ ಕೂರಿಸಿ, ಮಕ್ಕಳು ಹಿಡಿದು ನಡೆಯಲು ಕಂಬಿ ಮಾಡಿಸಿದರು. ವಾರಕ್ಕೆ ಎರಡು ದಿನ ಮದ್ದೂರಿನಿಂದ ಬಸ್ಸಿನಲ್ಲಿ ಒಬ್ಬ ಫಿಸಿಯೋಥೆರಪಿ ಹುಡುಗಿ ಬರುತ್ತಿದ್ದಳು. ಮದ್ದೂರಿನವಳು ಎಂದಮೇಲೆ ವಡೆ ತರಬೇಡವೇ ಎಂದು ನಾವು ರೇಗಿಸಿದರೆ, ಚೀಲದಿಂದ ರಬ್ಬರ್ ಚೆಂಡು ತೆಗೆದು ನಮ್ಮ ಕೈಗೂ ಒಂದು ಕೊಟ್ಟು, ಒತ್ತಿ, ನಿಮ್ಮ ಬೆರಳೂ ಸೆಟೆದಿವೆ ಎನ್ನುತ್ತಿದ್ದಳು. ಮಕ್ಕಳು ಅವಳನ್ನು 'ಕಾಲು ಮಿಸ್ಸು' ಎನ್ನುತ್ತಿದ್ದವು. ನಾವೂ ಹಾಗೇ ಕರೆದೆವು.

ಅವಳ ಸಂಬಳವನ್ನು ಮೂರು ವರ್ಷಕ್ಕೆಂದು ಒಬ್ಬ ದಾನಿ ಒಪ್ಪಿಕೊಂಡಿದ್ದರು. ಎರಡನೆಯ ವರ್ಷ ಮುಗಿಯುವ ಹೊತ್ತಿಗೇ ಅಕ್ಕನಿಗೆ ಮುಂದಿನ ಚಿಂತೆ ಹತ್ತಿತು. ಬೆಂಗಳೂರಿನ ಒಂದು ದತ್ತಿ ಸಂಸ್ಥೆಗೆ ಅರ್ಜಿ ಹಾಕೋಣ ಎಂದು ನನ್ನನ್ನು ಹಿಡಿದರು. ನಾನು ನನ್ನ ಮಾಮೂಲಿ ಶೈಲಿಯಲ್ಲಿ, ಯಂತ್ರಗಿಂತ್ರ ಏನೂ ಇಲ್ಲದೆ, ಬರೆದುಕೊಟ್ಟೆ. ಅದನ್ನು ನೋಡಿ ಆ ಸಂಸ್ಥೆಯಿಂದ ಒಬ್ಬ ಅಧಿಕಾರಿ ಪರಿಶೀಲನೆಗೆ ಬಂದರು.

ಅಲ್ಲಿಯೇ ಎಡವಟ್ಟಾಯಿತು. ನಮ್ಮ ಕಡೆ ಮನೆಗೆ ಬಂದವರನ್ನು, ಅದರಲ್ಲೂ ಒಂದು ಒಳ್ಳೆಯ ಕೆಲಸಕ್ಕೆಂದು ಅಷ್ಟು ದೂರದಿಂದ ಬಂದವರನ್ನು, ಕಾಫಿ ಬಿಸ್ಕತ್ತು ಕೊಟ್ಟು ಕಳಿಸುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಮಕ್ಕಳ ತಾಯಂದಿರು ನನಗೊಂದು ಮಾತೂ ಹೇಳದೆ ಬಾಡೂಟ ಮಾಡಿಬಿಟ್ಟಿದ್ದರು. ಅದೂ ಬಂಡೂರು ಕುರಿ, ರುಚಿಗೆ ಹೆಸರಾದ ದುಬಾರಿ ತಳಿ. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ, ಅನ್ನ, ಮೇಲೆ ಎಲೆ ಅಡಿಕೆ. ಅಧಿಕಾರಿ ಶರ್ಟಿನ ತೋಳು ಮಡಿಸಿ ಉಂಡರು. ಏನಾದರೂ ತೊಂದರೆ ಇದೆಯಾ ಎಂದು ಅವರು ತಾಯಂದಿರನ್ನು ಕೇಳಿದಾಗ, ನಿಮ್ಮ ದಯ, ಏನೂ ತೊಂದರೆ ಇಲ್ಲ, ಎಲ್ಲಾ ಚೆನ್ನಾಗಿದೆ ಎಂದು ಒಬ್ಬರಿಗಿಂತ ಒಬ್ಬರು ಮುಂದಾಗಿ ಹೇಳಿದರು. ಉಣ್ಣುತ್ತಿರುವವರ ಎದುರು ಕಷ್ಟ ಹೇಳಿಕೊಳ್ಳುವುದುಂಟೇ?

ಒಂದು ತಿಂಗಳಿಗೆ ಪತ್ರ ಬಂತು. ಈ ಸಮುದಾಯಕ್ಕೆ ತನ್ನದೇ ಸಂಪನ್ಮೂಲ ಸಾಕಷ್ಟು ಇರುವುದು ಕಂಡುಬಂದಿರುವುದರಿಂದ, ಹೆಚ್ಚು ಅಗತ್ಯವಿರುವವರಿಗೆ ಆದ್ಯತೆ ಕೊಡಲಾಗಿದೆ ಎಂದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಶನಿವಾರ ತಾಯಂದಿರೆಲ್ಲ ಸೇರಿದ್ದಾಗ ಹೋಗಿ, ಕಚೇರಿಯಲ್ಲಿ ಅಟೆಂಡರನ್ನು ಬೈಯುವ ದನಿಯಲ್ಲಿ ಬೈದೆ. ಕುರಿ ಕಡಿಯುವುದಕ್ಕೆ ಇದೆ, ಮಕ್ಕಳ ಕಾಲಿಗೆ ಇಲ್ಲವಾ ಎಂದೆ. ಬಂಡೂರಿನಿಂದ ಬರುವ ಒಬ್ಬ ತಾಯಿಯ ಕಡೆ ತಿರುಗಿ, ನಿಮ್ಮ ಮಗಳ ಕಾಲಿನ ಪಟ್ಟಿ ಸಣ್ಣದಾಗಿ ಆರು ತಿಂಗಳಾಯಿತು, ಇನ್ನೂ ಮಾಡಿಸಿಲ್ಲ, ಅಡುಗೆಗೆ ಮಾತ್ರ ಎಲ್ಲರಿಗಿಂತ ಮುಂದೆ ನಿಂತಿದ್ದಿರಿ ಎಂದೂ ಅಂದೆ. ಕಾಲು ನೇರ ನಿಲ್ಲಲು ಮೊಣಕಾಲಿನಿಂದ ಕೆಳಕ್ಕೆ ಕಟ್ಟುವ ಪಟ್ಟಿ ಅದು. ಆ ಹುಡುಗಿಗೆ ಆಗ ಐದು ವರ್ಷ. ತಾಯಿ ಗದ್ದೆ ಕೂಲಿಗೆ ಹೋಗುವವಳು. ಅವಳು ತಲೆ ಎತ್ತಲಿಲ್ಲ, ಮಾತೂ ಆಡಲಿಲ್ಲ. ಅವಳಿಗೆ ಹೇಳುವುದಕ್ಕೆ ಏನೂ ಇಲ್ಲ ಎಂದು ನಾನು ತಿಳಿದೆ.

ಮುಂದಿನ ವರ್ಷ, ಅಂದರೆ ದಾನಿಯ ಮೂರನೆಯ ವರ್ಷ ಮುಗಿಯುತ್ತಾ ಬಂದಾಗ, ಕಾಲು ಮಿಸ್ಸಿಗೆ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಕೆಲಸದ ಮಾತು ಬಂತು. ಅವಳು ಮುಚ್ಚಿಡಲಿಲ್ಲ. ಮನೆ ನಡೆಯಬೇಕು, ಇಲ್ಲಿ ಸಂಬಳ ನಿಂತರೆ ಹೋಗಲೇಬೇಕಾಗುತ್ತದೆ ಎಂದಳು. ಹಾಗೆ ಹೇಳುತ್ತಾ ಬಂಡೂರಿನ ಆ ಹುಡುಗಿಯ ಮೊಣಕಾಲನ್ನು ಮೆಲ್ಲಗೆ ಮಡಿಸಿ ಬಿಡಿಸುತ್ತಿದ್ದಳು. ಹುಡುಗಿ ಕಂಬಿ ಹಿಡಿದು ನಿಲ್ಲುವುದನ್ನು ಕಲಿತಿದ್ದಳು. ಕಾಲಿಗೆ ಪಟ್ಟಿಯಿಲ್ಲದೆ, ಬಟ್ಟೆ ಸುತ್ತಿದ ಬಿದಿರಿನ ದಬ್ಬೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ನಾಲ್ಕಾರು ತಿಂಗಳು ಕೈಬಿಟ್ಟರೆ ಈ ಕಾಲು ಮತ್ತೆ ಬಿಗಿದುಕೊಳ್ಳುತ್ತದೆ, ಆಮೇಲೆ ಹೊಸದಾಗಿ ಶುರು ಮಾಡಿದರೂ ಇಷ್ಟು ಬರುತ್ತದೆಂದು ಹೇಳಲಾರೆ ಎಂದಳು. ಅದೇ ದತ್ತಿ ಸಂಸ್ಥೆ ಮತ್ತೆ ಅರ್ಜಿ ಕರೆದಿತ್ತು. ಥೆರಪಿ ಮತ್ತು ಪಟ್ಟಿಗಳು, ಎರಡನ್ನೂ ಕೇಳೋಣ ಎಂದು ತೀರ್ಮಾನವಾಯಿತು.

ಈ ಸಲ ಎಐ ಹಾಕಿ ಬರೆಯಿರಿ ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದುಕೊಟ್ಟವಳೂ ಕಾಲು ಮಿಸ್ಸೇ. ನನಗೆ ಅವಮಾನವಾಯಿತು. ಆದರೂ ಕೂತೆ. ಕನ್ನಡದಲ್ಲೇ ವಿವರ ಕೊಟ್ಟೆ. ನಾನು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದು ಉದ್ದೇಶ, ಅಗತ್ಯ, ಕಾರ್ಯವಿಧಾನ ಎಂದು ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ ಇಟ್ಟಿತ್ತು. ಹೊಟ್ಟೆ ಉರಿದದ್ದು ನಿಜ. ಆದರೆ ನನ್ನ ತಲೆಯಲ್ಲಿ ಹೋದ ವರ್ಷದ ಬಾಡೂಟವೇ ಕೂತಿತ್ತು. ಈ ಸಲ ನಮ್ಮನ್ನು ಅನುಕೂಲಸ್ಥರು ಎಂದುಕೊಳ್ಳಲು ಯಾರಿಗೂ ಆಸ್ಪದ ಕೊಡಬಾರದು ಎಂದು, ಇನ್ನೂ ಸ್ವಲ್ಪ ಕರುಣಾಜನಕವಾಗಿ ಬರೆ ಎಂದೆ. ಬರೆಯಿತು. ಇನ್ನೂ ಎಂದೆ. ಪಾಪ, ಅದೇನು ಮಾಡೀತು, ಹೇಳಿದ ಹಾಗೆ ಕೇಳುತ್ತದೆ. ಬಂಡೂರಿನ ಹುಡುಗಿ ಕತ್ತಲೆಯ ಮೂಲೆಯಲ್ಲಿ ಬಿದ್ದು ದಿನ ಕಳೆಯುವವಳಾದಳು. ತಾಯಿ ಭರವಸೆಯನ್ನೇ ಕಳೆದುಕೊಂಡ ಅಸಹಾಯಕ ಹೆಂಗಸಾದಳು. ಓದಿ ನನಗೇ ಕಣ್ಣು ಒದ್ದೆಯಾಯಿತು. ಹೀಗಿರಬೇಕು ಅರ್ಜಿ ಎಂದುಕೊಂಡೆ.

ಹುಳದ ಮನೆಯಲ್ಲಿ ಒಂದು ಪದ್ಧತಿ ಇದೆ. ಮಕ್ಕಳ ವಿಷಯದ ಯಾವ ಕಾಗದವೇ ಆಗಲಿ, ಶನಿವಾರ ತಾಯಂದಿರ ಎದುರು ಗಟ್ಟಿಯಾಗಿ ಓದಿ ಹೇಳದೆ ಅಕ್ಕ ಸಹಿ ಹಾಕುವುದಿಲ್ಲ. ಅಂಗನವಾಡಿಯಲ್ಲಿದ್ದಾಗ ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರನ್ನು ಅವರು ಬೇಕಾದಷ್ಟು ನೋಡಿದ್ದರು. ಹಾಗಾಗಿ ನಾನು ಓದಿದೆ. ಭಾವ ತುಂಬಿ ಓದಿದೆ ಎಂದೇ ಹೇಳಬೇಕು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಮೆಚ್ಚುಗೆ ಎಂದುಕೊಂಡು ಕನ್ನಡಕ ತೆಗೆದೆ. ಆಗ ಕಂಬಿಯ ಹತ್ತಿರ ಕೂತಿದ್ದ ಆ ಹುಡುಗಿ ತಾಯಿಯನ್ನು ಕೇಳಿದಳು.

"ಅವ್ವ, ಮೂಲೇಲಿ ಬಿದ್ದಿರೋದು ನಾನಾ?"

ತಾಯಿ ನನ್ನನ್ನು ನೋಡಿದಳು. ಒಂದು ವರ್ಷದ ಹಿಂದೆ ಬೈಸಿಕೊಂಡು ತಲೆ ತಗ್ಗಿಸಿದ್ದವಳು ಈಗ ನೇರವಾಗಿ ನೋಡಿದಳು.

"ನನ್ ಮಗಳ ನಾನು ಒಂದಿನಾನೂ ಮೂಲೇಲಿ ಮಲಗ್ಸಿಲ್ಲ ಮೇಡಮ್ಮೋರೆ. ಗದ್ದೆಗೆ ಓಯ್ತಾ ಸೊಂಟುದ್ ಮೇಲೆ ಕೂರುಸ್ಕೊಂಡ್ ಓಯ್ತೀನಿ. ಬದೀನ್ ಮೇಲೆ ಕೂತ್ಕಂಡು ಕೂಲೇರ್ ತಾವೆಲ್ಲ ಮಾತಾಡ್ತಾಳೆ. ಅಂಗೆ ಬರ್ದು ದುಡ್ಡು ತರಾದಾದ್ರೆ ನಮ್ಗೆ ಬ್ಯಾಡ ಬುಡಿ."

ನಾನು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ. ಮಂಡ್ಯದವರೆಗೆ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತೆ. ನಾಚಿಕೆಯಾಗಿತ್ತು. ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಮಾರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕೋಪವನ್ನೆಲ್ಲ ಅದರ ಮೇಲೆ ಸುರಿದೆ. ನೀನು ಬರೆದದ್ದು ಕೇಳಿ ಮಗು ಹೀಗೆ ಕೇಳಿತು, ತಾಯಿ ಹೀಗೆಂದಳು, ಹೋದ ವರ್ಷ ಇದೇ ಜನ ಬಂದವರಿಗೆ ಬಾಡೂಟ ಹಾಕಿ ಅನುದಾನ ಕಳೆದುಕೊಂಡರು, ಈ ವರ್ಷ ನಿನ್ನಿಂದ ಕಳೆದುಕೊಳ್ಳುತ್ತೇವೆ ಎಂದು ಒಂದು ಪುಟ ಬರೆದೆ. ಅದು ಕ್ಷಮೆ ಕೇಳಿತು. ಆ ಕ್ಷಮೆ ನನ್ನನ್ನು ಇನ್ನಷ್ಟು ಚುಚ್ಚಿತು, ಯಾಕೆಂದರೆ ಕರುಣಾಜನಕವಾಗಿ ಬರೆ ಎಂದವಳು ನಾನು. ಆಮೇಲೆ ಅದು, ಮತ್ತೆ ಬರೆಯುವ ಮೊದಲು ಕೆಲವು ವಿಷಯ ತಿಳಿಯಬೇಕು, ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹಿಸಬೇಡಿ ಎಂದು ಪ್ರಶ್ನೆಗಳನ್ನು ಕೊಟ್ಟಿತು. ಈ ಮಕ್ಕಳು ಮೊದಲು ಮಾಡಲಾಗದೆ ಇದ್ದು ಈಗ ಏನೇನು ಮಾಡುತ್ತಾರೆ? ದಿನವೂ ಅವರನ್ನು ಯಾರು ಕರೆತರುತ್ತಾರೆ? ಕೇಂದ್ರ ನಡೆಯಲು ಊರಿನವರು ಏನೇನು ಕೊಡುತ್ತಾರೆ? ಕೊನೆಯಲ್ಲಿ ಒಂದು: ನೀವು ಹೇಳಿದ ಊಟವನ್ನು ಯಾರು ಯಾರು ಸೇರಿ ಮಾಡಿದರು, ಅದಕ್ಕೆ ಬೇಕಾದದ್ದು ಎಲ್ಲಿಂದ ಬಂತು?

ಆ ಊಟದ ಬಗ್ಗೆ ವರ್ಷವಿಡೀ ಎಷ್ಟು ಜನರ ಹತ್ತಿರ ಗೊಣಗಿದ್ದೆನೋ ಲೆಕ್ಕವಿಲ್ಲ. ಎಲ್ಲಿಂದ ಬಂತು ಎಂದು ಒಂದು ಸಲವೂ ಕೇಳಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ರಾಗಿ ಹಿಟ್ಟು ಒಬ್ಬರ ಮನೆಯದು, ಮಸಾಲೆ ಇನ್ನೊಬ್ಬರದು, ಸೌದೆ ಮತ್ತೊಬ್ಬರದು ಎಂದು ಹೇಳುತ್ತಾ ಹೋದರು. ಕುರಿ ಯಾರದು ಎಂದು ಕೇಳಿದೆ.

"ಆ ಟಗ್ರು ಬಂಡೂರೋಳ್ದು ಕಣಮ್ಮ. ಮಗಳ ಕಾಲ್ಪಟ್ಟಿ ಮಾಡ್ಸಕ್ಕೆ ಅಂತ ಮರೀಲಿಂದ ಸಾಕಿದ್ದು. ಮಾರಾಕೆ ಮುಂದ್ಲ ವಾರ ಸಂತೆಗೆ ಓಗಾಳಿದ್ಲು. ನನ್ ಮಗೀಗೋಸ್ಕರ ಬತ್ತಾವ್ರೆ, ನಾನೇ ಇಕ್ತೀನಿ ಅಂದ್ಲು. ಮೇಡಮ್ಮೋರ್ ತಾವ ಯೋಳ್ಬ್ಯಾಡಿ ಅಂತ ಆಣೆ ಆಕ್ಸ್ಕಂಡಿದ್ಲು."

ಪಟ್ಟಿ ಇನ್ನೂ ಯಾಕೆ ಮಾಡಿಸಿಲ್ಲ ಎಂದು ನಾನು ಹತ್ತು ಜನರ ಎದುರು ಕೇಳಿದ್ದು ಅವಳನ್ನು. ಫೋನ್ ಇಟ್ಟ ಮೇಲೆ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಅತ್ತು, ಮುಖ ತೊಳೆದು, ಬಂದು ಇದನ್ನೂ ಅದಕ್ಕೆ ಬರೆದು ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು, ಎದುರಿಗೆ ಅದೇ ಇತ್ತು. ಈ ಸಂಗತಿಯನ್ನು ಅರ್ಜಿಯಲ್ಲಿ ಸೇರಿಸಿದರೆ ಬಹಳ ಬಲ ಬರುತ್ತದೆ, ಆದರೆ ಮೊದಲು ಆ ತಾಯಿಯ ಒಪ್ಪಿಗೆ ಕೇಳಿ ಎಂದಿತು. ನನಗೂ ಹಾಗೇ ಅನಿಸಿತು. ಇದನ್ನು ಓದಿದರೆ ಕಲ್ಲೂ ಕರಗುತ್ತದೆ ಎಂದುಕೊಂಡು ಮುಂದಿನ ಶನಿವಾರ ಹೋದೆ.

ಅವಳು ಒಪ್ಪಲಿಲ್ಲ. ಕೋಪ ಮಾಡಿಕೊಳ್ಳಲಿಲ್ಲ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಉಣ್ಣಕ್ಕೆ ಇಕ್ಕಿದ್ದನ್ನು ತೋರಿಸಿ ಇನ್ನೊಂದು ಕೇಳಬಾರದಂತೆ. ಕೇಳಿದರೆ ಇಕ್ಕಿದ್ದು ಇಕ್ಕಿದಂತಾಗುವುದಿಲ್ಲವಂತೆ. ಮಿಕ್ಕ ತಾಯಂದಿರೂ ತಲೆಯಾಡಿಸಿದರು. ನಮ್ಮ ಹತ್ತಿರ ಇದ್ದ ಎಲ್ಲಕ್ಕಿಂತ ಬಲವಾದ ಮಾತನ್ನು ಬರೆಯುವ ಹಾಗಿರಲಿಲ್ಲ. ಕಾಲು ಮಿಸ್ಸು ಆಸ್ಪತ್ರೆಗೆ ಉತ್ತರ ಹೇಳಲು ಉಳಿದಿದ್ದದ್ದು ಎರಡು ತಿಂಗಳು. ನನ್ನ ಹಳೆಯ ಬುದ್ಧಿಯಾಗಿದ್ದರೆ, ಇವರಿಗೇನು ಗೊತ್ತಾಗುತ್ತದೆ ಎಂದು ಒಂದು ಸಾಲು ಸೇರಿಸಿಬಿಡುತ್ತಿದ್ದೆ. ಸೇರಿಸಲಿಲ್ಲ. ಊಟದ ಮಾತು ಎಲ್ಲಿಯೂ ಬರಬಾರದು ಎಂದು ಯಂತ್ರಕ್ಕೆ ಹೇಳಿದೆ. ಅದು ಯಾಕೆ ಎಂದು ವಾದಿಸದೆ ತೆಗೆದುಹಾಕಿತು. ಆ ಗುಣಕ್ಕೆ ಅದನ್ನು ಮೆಚ್ಚಲೇಬೇಕು.

ಮಿಕ್ಕ ಪ್ರಶ್ನೆಗಳಿಗೆ ತಾಯಂದಿರು ಆ ದಿನ ಎರಡು ಗಂಟೆ ಕೂತು ಉತ್ತರ ಹೇಳಿದರು. ಇಂಥವಳ ಮಗ ಈಗ ತನ್ನ ಲೋಟ ತಾನೇ ಹಿಡಿಯುತ್ತಾನೆ. ಇಂಥವಳ ಮಗಳು ಕತ್ತು ಎತ್ತಿ ಟಿವಿ ನೋಡುತ್ತಾಳೆ. ಮಧ್ಯಾಹ್ನದ ಸಾರು ಸರದಿಯ ಮೇಲೆ ಒಂದೊಂದು ಮನೆಯಿಂದ ಬರುತ್ತದೆ. ಒಬ್ಬ ಆಟೋದವನು ಹೋಗುವಾಗ ಬರುವಾಗ ಮಕ್ಕಳನ್ನು ಹಾಗೇ ಕೂರಿಸಿಕೊಳ್ಳುತ್ತಾನೆ. ಇದೆಲ್ಲ ಹೇಳಿಕೊಳ್ಳುವಂಥ ಸಂಗತಿ ಎಂದು ಅವರಿಗೂ ಗೊತ್ತಿರಲಿಲ್ಲ, ಕೇಳುವಂಥದ್ದು ಎಂದು ನನಗೂ ಹೊಳೆದಿರಲಿಲ್ಲ. ಬಂಡೂರಿನ ತಾಯಿ, ನನ್ನ ಮಗಳು ಒಂದು ಮುದ್ದೆ ಕಟ್ಟುವಷ್ಟು ಹೊತ್ತು ಕಂಬಿ ಹಿಡಿದು ನಿಲ್ಲುತ್ತಾಳೆ ಎಂದಳು. ಯಂತ್ರ ಅದನ್ನು ನಿಮಿಷಕ್ಕೆ ತಿರುಗಿಸಲು ನೋಡಿತು. ನಾನು ಬಿಡಲಿಲ್ಲ. ಮುದ್ದೆ ಮುದ್ದೆಯಾಗಿಯೇ ಉಳಿಯಿತು. ಹೊಸ ಅರ್ಜಿಯನ್ನು ಮತ್ತೊಂದು ಶನಿವಾರ ಓದಿದೆ. ಎರಡು ಕಡೆ ತಿದ್ದಿಸಿ, ಕಳಿಸಿ ಎಂದರು.

ಪರಿಶೀಲನೆಗೆ ಬಂದವರು ಹೋದ ವರ್ಷದ ಅಧಿಕಾರಿಯೇ. ತಾಯಂದಿರು ಏನು ಅಡುಗೆ ಮಾಡುತ್ತಾರೆ ಎಂದು ನಾನು ಕೇಳಲಿಲ್ಲ, ಮಾಡಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಕ್ಕಳಿಗೆ ಮಾಡಿದ್ದ ಉಪ್ಪುಸಾರು ಮುದ್ದೆಯನ್ನೇ ಅವರಿಗೂ ಬಡಿಸಿದರು. ಅವರು ಅರ್ಜಿಯನ್ನು ಪಕ್ಕದಲ್ಲಿಟ್ಟುಕೊಂಡು ಹುಡುಗಿ ಕಂಬಿ ಹಿಡಿದು ನಿಂತದ್ದನ್ನು ನೋಡಿದರು. ಹೊರಡುವಾಗ, ಹೋದ ವರ್ಷ ಇದು ಯಾವುದೂ ನಿಮ್ಮ ಅರ್ಜಿಯಲ್ಲಿ ಇರಲಿಲ್ಲವಲ್ಲ ಎಂದು ನನ್ನನ್ನು ಕೇಳಿದರು. ಇಲ್ಲಿ ಎಲ್ಲ ಇತ್ತು ಸಾರ್, ನಾನು ಬರೆದಿರಲಿಲ್ಲ ಎಂದೆ.

ಮಂಜೂರಾದ ಪತ್ರ ಬಂದಾಗ ಕಾಲು ಮಿಸ್ಸು ಕಂಬಿಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. ಅಕ್ಕ ಓದಿ ಹೇಳಿದರು. ಅವಳು ತಲೆಯಾಡಿಸಿ, ಹುಡುಗಿಯ ಮೊಣಕಾಲನ್ನು ಬಿಡದೆ, ಎಣಿಸುತ್ತಿದ್ದ ಎಣಿಕೆಯನ್ನು ಮುಗಿಸಿದಳು. ನಾನು ಮನೆಗೆ ಬಂದು ಯಂತ್ರಕ್ಕೆ ಧನ್ಯವಾದ ಎಂದು ಬರೆದೆ. ಅದಕ್ಕೂ ಹೇಳುತ್ತೀರಾ ಎಂದು ಕಾಲು ಮಿಸ್ಸು ಈಗಲೂ ನಗುತ್ತಾಳೆ. ನಗಲಿ. ನನ್ನ ಮೂವತ್ತೊಂದು ವರ್ಷದಲ್ಲಿ ಯಾವ ಸಾಹೇಬರೂ ಕೇಳದ ಪ್ರಶ್ನೆಯನ್ನು ಅದು ಕೇಳಿತ್ತು. ಈಗ ಯಾರ ಅರ್ಜಿಯನ್ನೇ ಆಗಲಿ, ಅದು ಕೇಳುವ ಪ್ರಶ್ನೆಗಳನ್ನು ಮೊದಲು ಚೀಟಿಯಲ್ಲಿ ಬರೆದುಕೊಂಡು ಆ ಜನರ ಹತ್ತಿರ ಹೋಗುತ್ತೇನೆ. ಬರೆಯುವುದು ಆಮೇಲೆ.

ಇದನ್ನೆಲ್ಲ ಇಲ್ಲಿ ಬರೆಯಬಹುದೇ ಎಂದು ಬಂಡೂರಿನ ತಾಯಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ, ಬರೆದುಕೊಳ್ಳಿ, ಇದನ್ನು ತೋರಿಸಿ ಯಾರ ಹತ್ತಿರವೂ ಏನೂ ಕೇಳುತ್ತಿಲ್ಲವಲ್ಲ ಎಂದಳು.

ಹುಡುಗಿಯ ಕಾಲಿನ ಅಳತೆ ಕೊಡಲು ಅವರು ಮಂಡ್ಯಕ್ಕೆ ಬಂದಿದ್ದ ದಿನ ನಾನೂ ಹೋಗಿದ್ದೆ. ಪಟ್ಟಿ ಮಾಡುವವನ ಅಂಗಡಿಯ ಒಳಗೆ ಕಾಲು ಮಿಸ್ಸು ಹುಡುಗಿಯನ್ನು ಹಿಡಿದು ನಿಲ್ಲಿಸಿದ್ದಳು. ಹೊರಗೆ ಬೆಂಚಿನ ಮೇಲೆ ನಾನೂ ಆ ತಾಯಿಯೂ ಕೂತಿದ್ದೆವು. ಎಷ್ಟೋ ದಿನದಿಂದ ಆಡಬೇಕೆಂದಿದ್ದ ಮಾತನ್ನು ಅಲ್ಲಿ ಆಡಿದೆ. ಆವತ್ತು ಎಲ್ಲರ ಎದುರು ನಿಮ್ಮನ್ನು ಬೈದೆ, ಏನೂ ತಿಳಿದುಕೊಳ್ಳದೆ ಬೈದೆ, ತಪ್ಪಾಯಿತು ಎಂದೆ. ಅವಳಿಗೆ ನನ್ನ ಮಾತಿನಿಂದ ಮುಜುಗರವಾಯಿತು. ಸೆರಗು ಸರಿಮಾಡಿಕೊಂಡು, ಒಳಗಿದ್ದ ಮಗಳ ಕಡೆಯೇ ನೋಡುತ್ತಾ ಹೇಳಿದಳು.

"ಬುಡಿ ಮೇಡಮ್ಮೋರೆ. ನನ್ ಮಗಳ್ ಕಾಲ್ಗೋಸ್ಕರ ನನ್ನ ಬೈದೋರು ಅಂತ ಈ ಲೋಕ್ದಲ್ಲಿ ನೀವೊಬ್ರೇಯ."